ಕೀ ತಿರುಗಿಸಿದರೂ ಕಾರು ಸ್ಟಾರ್ಟ್ ಆಗ್ತಿಲ್ವಾ? ಹೊಸ ಬ್ಯಾಟರಿ ಖರೀದಿಸುವ ಮುನ್ನ ಇಷ್ಟು ಪರೀಕ್ಷಿಸಿ

ರಾತ್ರಿ ಚೆನ್ನಾಗಿಯೇ ಇದ್ದ ಕಾರು ಬೆಳಗ್ಗೆ ಆಫೀಸ್‌ಗೆ ಹೊರಡುವ ಹೊತ್ತಿಗೆ ಸ್ಟಾರ್ಟ್ ಆಗುವುದಿಲ್ಲ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ, ಬ್ಯಾಟರಿ ಹೋಯಿತು ಎಂದುಕೊಂಡು ಹೊಸದನ್ನು ತರಿಸುವುದು. ಆದರೆ ಸಾವಿರಾರು ರೂಪಾಯಿ ಕೊಟ್ಟು ಬ್ಯಾಟರಿ ಹಾಕಿಸಿದ ಮೇಲೂ ಸಮಸ್ಯೆ ಹಾಗೇ ಉಳಿಯಬಹುದು. ಏಕೆಂದರೆ ದೋಷ ಬ್ಯಾಟರಿಯಲ್ಲೇ ಇರಬೇಕೆಂದಿಲ್ಲ. ತುಕ್ಕು ಹಿಡಿದ ಟರ್ಮಿನಲ್, ಸಡಿಲವಾದ ಅರ್ತ್ ವೈರ್, ಸುಟ್ಟುಹೋದ ಫ್ಯೂಸ್ ಕೂಡ ಕಾರಣವಾಗಿರಬಹುದು.

ಕಾರಿನ ವಿದ್ಯುತ್ ವ್ಯವಸ್ಥೆಗೆ ಎರಡು ದೊಡ್ಡ ಶತ್ರುಗಳಿವೆ. ಒಂದು ಸಮುದ್ರದ ಉಪ್ಪು ಗಾಳಿ, ಇನ್ನೊಂದು ಪ್ರವಾಹದ ನೀರು. ನೆರೆಯ ಆಂಧ್ರಪ್ರದೇಶದ ವಿಶಾಖಪಟ್ಟಣಕ್ಕೆ ಮೊದಲನೆಯದು ನಿತ್ಯದ ಕಾಟ. ವಿಜಯವಾಡ ಎರಡನೆಯದನ್ನು 2024ರಲ್ಲಿ ಕಂಡಿತು. ಈ ಎರಡೂ ಸಂದರ್ಭಗಳಲ್ಲಿ ಕಾರು ಮಾಲೀಕರು ಏನು ಮಾಡಬೇಕು, ಏನು ಮಾಡಬಾರದು? ಇಲ್ಲಿದೆ ಪೂರ್ಣ ಮಾಹಿತಿ.

ಮೊದಲು ಸದ್ದು ಕೇಳಿ, ದೀಪ ನೋಡಿ

ಬಾನೆಟ್ ತೆರೆಯುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಹೆಡ್‌ಲೈಟ್ ಆನ್ ಮಾಡಿ, ಕೀ ತಿರುಗಿಸಿ ಏನಾಗುತ್ತದೆ ಎಂದು ಗಮನಿಸಿ.

* ದೀಪವೂ ಇಲ್ಲ, ಸದ್ದೂ ಇಲ್ಲ: ಬ್ಯಾಟರಿ ಪೂರ್ತಿ ಖಾಲಿಯಾಗಿದೆ, ಟರ್ಮಿನಲ್ ಕಳಚಿದೆ ಅಥವಾ ಮುಖ್ಯ ಫ್ಯೂಸ್ ಹೋಗಿದೆ.

* 'ಟಕ ಟಕ ಟಕ' ಸದ್ದು, ದೀಪ ಮಂಕಾಗುತ್ತದೆ: ಬ್ಯಾಟರಿಯಲ್ಲಿ ಚಾರ್ಜ್ ಕಡಿಮೆ ಇದೆ ಅಥವಾ ಟರ್ಮಿನಲ್ ಸರಿಯಾಗಿ ಕೂತಿಲ್ಲ.

* ಒಂದೇ ಒಂದು 'ಟಕ್' ಸದ್ದು, ದೀಪ ಮಂಕಾಗುವುದಿಲ್ಲ: ಸೆಲ್ಫ್ ಮೋಟಾರ್, ಅದರ ಸೊಲೆನಾಯ್ಡ್ ಅಥವಾ ಅಲ್ಲಿಗೆ ಹೋಗುವ ದಪ್ಪ ಕೇಬಲ್ ಮೇಲೆ ಅನುಮಾನ.

* ದೀಪ ಚೆನ್ನಾಗಿದೆ, ಸದ್ದೇ ಇಲ್ಲ: ಸ್ಟಾರ್ಟರ್ ರಿಲೇ, ಫ್ಯೂಸ್, ಇಗ್ನಿಷನ್ ಸ್ವಿಚ್ ಅಥವಾ ಕ್ಲಚ್ ಸ್ವಿಚ್ ದೋಷ ಇರಬಹುದು. ಕ್ಲಚ್ ಪೂರ್ತಿ ಒತ್ತಿ ನೋಡಿ. ಆಟೋಮ್ಯಾಟಿಕ್ ಕಾರಾದರೆ ಬ್ರೇಕ್ ಒತ್ತಿ, ನ್ಯೂಟ್ರಲ್‌ಗೆ ಹಾಕಿ ಪ್ರಯತ್ನಿಸಿ.

* ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ: ಬ್ಯಾಟರಿ ಮತ್ತು ಸೆಲ್ಫ್ ಸರಿಯಿವೆ ಎಂದರ್ಥ. ಇಮೊಬಿಲೈಸರ್ ದೀಪ ಮಿನುಗುತ್ತಿದ್ದರೆ ಇನ್ನೊಂದು ಕೀ ಬಳಸಿ. ಇಲ್ಲವಾದರೆ ಫ್ಯೂಯೆಲ್ ಪಂಪ್ ಫ್ಯೂಸ್, ಕ್ರ್ಯಾಂಕ್ ಸೆನ್ಸರ್ ಪರೀಕ್ಷಿಸಬೇಕು.

ಮಲ್ಟಿಮೀಟರ್ ಹೇಳುವ ಸತ್ಯ

ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಸಾಮಾನ್ಯ ಮಲ್ಟಿಮೀಟರ್ ಸಾಕು. ಅದನ್ನು 20 ವೋಲ್ಟ್ ಡಿಸಿಗೆ ಇಟ್ಟು ಬ್ಯಾಟರಿಯ ಎರಡೂ ತುದಿಗೆ ಹಿಡಿಯಿರಿ. ಕೆಲವು ಗಂಟೆ ನಿಂತಿದ್ದ ಕಾರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ. 12.2 ಎಂದರೆ ಅರ್ಧದಷ್ಟು. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ.

ಈಗ ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. ಸೆಲ್ಫ್ ತಿರುಗುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಮತ್ತೆ ಪರೀಕ್ಷಿಸಿ. ಪೂರ್ತಿ ಚಾರ್ಜ್ ಆದ ಮೇಲೂ ಹಾಗೇ ಕುಸಿದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ.

ಜಂಪರ್ ಕೇಬಲ್ ಹಾಕಿ ಕಾರು ಸ್ಟಾರ್ಟ್ ಮಾಡಿದ್ದರೆ, ಕೇಬಲ್ ತೆಗೆದ ಬಳಿಕ ಎಂಜಿನ್ ಓಡುತ್ತಿರುವಾಗಲೇ ಮತ್ತೊಮ್ಮೆ ಅಳೆಯಿರಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಆಗ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಅದು ಕೆಲ ದಿನಗಳಲ್ಲಿ ಖಾಲಿಯಾಗುತ್ತದೆ.

ವಿಶಾಖಪಟ್ಟಣದ ಉಪ್ಪು ಗಾಳಿ ಮಾಡುವ ಹಾನಿ

ಆರ್‌ಕೆ ಬೀಚ್‌ನಿಂದ ಭೀಮಿಲಿವರೆಗೆ ಸಮುದ್ರದ ಪಕ್ಕದಲ್ಲೇ ರಸ್ತೆ ಇರುವ ವಿಶಾಖಪಟ್ಟಣದಲ್ಲಿ ಗಾಳಿಯ ಜೊತೆ ಉಪ್ಪು ಬಂದು ಲೋಹದ ಮೇಲೆ ಕೂರುತ್ತದೆ. ಉಪ್ಪು ತೇವಾಂಶವನ್ನು ಹಿಡಿದಿಡುವುದರಿಂದ ಟರ್ಮಿನಲ್, ಅರ್ತ್ ವೈರ್ ಮತ್ತು ಬೋಲ್ಟ್‌ಗಳು ಬೇಗ ತುಕ್ಕು ಹಿಡಿಯುತ್ತವೆ. ನಮ್ಮ ಮಂಗಳೂರು, ಉಡುಪಿ, ಕಾರವಾರದ ಕಾರುಗಳಿಗೂ ಇದೇ ಸಮಸ್ಯೆ.

ದೀಪ ಚೆನ್ನಾಗಿ ಉರಿದರೂ ಸೆಲ್ಫ್ ಯಾಕೆ ತಿರುಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ತುಕ್ಕಿನಿಂದ ಅರ್ತ್ ಜಾಯಿಂಟ್‌ನಲ್ಲಿ ಕೇವಲ 0.02 ಓಮ್ ಪ್ರತಿರೋಧ ಉಂಟಾಗಿದೆ ಎಂದುಕೊಳ್ಳಿ. 5 ಆಂಪಿಯರ್ ಬಳಸುವ ದೀಪಕ್ಕೆ ಇದರಿಂದ ನಷ್ಟವಾಗುವುದು 0.1 ವೋಲ್ಟ್ ಮಾತ್ರ. ಆದರೆ ಸೆಲ್ಫ್ ಮೋಟಾರ್ 150 ಆಂಪಿಯರ್ ಎಳೆಯಲು ಹೊರಟರೆ ಅದೇ ಜಾಯಿಂಟ್ 3 ವೋಲ್ಟ್ ನುಂಗಿಬಿಡುತ್ತದೆ! ಆಗ ಬ್ಯಾಟರಿ ಹೊಸದಾಗಿದ್ದರೂ ಪ್ರಯೋಜನವಿಲ್ಲ.

ಪತ್ತೆ ಮಾಡುವುದು ಸುಲಭ. ಮಲ್ಟಿಮೀಟರ್‌ನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್‌ನ ಬರಿ ಲೋಹಕ್ಕೆ ಹಿಡಿದು ಕೀ ತಿರುಗಿಸಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ವೈರ್ ಬಿಚ್ಚಿ, ಉಜ್ಜಿ, ಬಿಗಿಯಾಗಿ ಕೂರಿಸಬೇಕು. ಟರ್ಮಿನಲ್ ಮೇಲಿನ ಬಿಳಿ ಅಥವಾ ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿ ನೀರಿನಿಂದ ತೊಳೆದು, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ ಎಂಬುದು ನೆನಪಿರಲಿ.

ನೀರಲ್ಲಿ ಮುಳುಗಿದ ಕಾರಿಗೆ ಕೀ ಹಾಕಲೇಬೇಡಿ

2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಉಕ್ಕಿ ಹರಿದು ವಿಜಯವಾಡದ ಅಜಿತ್ ಸಿಂಗ್ ನಗರ ಸೇರಿದಂತೆ ಹಲವು ಬಡಾವಣೆಗಳು ದಿನಗಟ್ಟಲೆ ಜಲಾವೃತವಾಗಿದ್ದವು. ಮನೆ ಮುಂದೆ ನಿಂತಿದ್ದ ಕಾರು, ಬೈಕ್, ಆಟೋಗಳು ನೀರಲ್ಲಿ ಮುಳುಗಿದವು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರಿನಲ್ಲೂ ಇಂಥದ್ದೇ ದೃಶ್ಯ ಕಂಡುಬಂದಿತ್ತು.

ನೀರು ಇಳಿದ ಕೂಡಲೇ 'ಸ್ಟಾರ್ಟ್ ಆಗುತ್ತಾ ನೋಡೋಣ' ಎಂದು ಕೀ ತಿರುಗಿಸುವುದೇ ದೊಡ್ಡ ತಪ್ಪು. ಸಿಲಿಂಡರ್ ಒಳಗೆ ನೀರಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒದ್ದೆಯಾದ ಇಸಿಯುಗೆ ವಿದ್ಯುತ್ ಹರಿದರೆ ಅದೂ ಹಾಳಾಗಬಹುದು. ಒಣಗಿಸಿದ್ದರೆ ಉಳಿಯಬಹುದಾಗಿದ್ದ ಕಾರು ಈ ಒಂದು ಪ್ರಯತ್ನದಿಂದ ಲಕ್ಷಾಂತರ ರೂಪಾಯಿ ಖರ್ಚಿಗೆ ದಾರಿ ಮಾಡುತ್ತದೆ.

ವಿಮೆ ವಿಚಾರದಲ್ಲೂ ಎಚ್ಚರ ಬೇಕು. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಪ್ರವಾಹದ ಹಾನಿಗೆ ಪರಿಹಾರ ಸಿಗುವುದಿಲ್ಲ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಪ್ರವಾಹದ ಹಾನಿ ಸೇರಿರುತ್ತದೆ. ಆದರೆ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ, ಎಂಜಿನ್ ಪ್ರೊಟೆಕ್ಷನ್ ಆಡ್-ಆನ್ ಇಲ್ಲದವರ ಕ್ಲೇಮ್ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ನೀರು ಎಲ್ಲಿವರೆಗೆ ಬಂದಿತ್ತು ಎಂಬುದರ ಫೋಟೋ, ವಿಡಿಯೋ ತೆಗೆದಿಟ್ಟುಕೊಳ್ಳಿ. ನೀರು ಪೂರ್ತಿ ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ವಿಮಾ ಕಂಪನಿಗೆ ತಿಳಿಸಿ, ಕಾರನ್ನು ಟೋಯಿಂಗ್ ಮಾಡಿಸಿಯೇ ಸರ್ವೀಸ್ ಸೆಂಟರ್‌ಗೆ ಕಳುಹಿಸಿ. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅವುಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಇರುತ್ತದೆ.

ಒಟ್ಟಿನಲ್ಲಿ, ಒಣಗಿದ ಕಾರು ಸ್ಟಾರ್ಟ್ ಆಗದಿದ್ದರೆ ಟರ್ಮಿನಲ್, ಅರ್ತ್, ಫ್ಯೂಸ್ ಪರೀಕ್ಷಿಸಿದ ನಂತರವೇ ಬ್ಯಾಟರಿ ಅಂಗಡಿಗೆ ಹೋಗಿ. ಮುಳುಗಿದ ಕಾರಾದರೆ ಕೀ ಜೇಬಿನಲ್ಲೇ ಇರಲಿ.