ಕಂಟೇನರಿನೊಳಗೆ ಸ್ತಬ್ಧಗೊಂಡ ಶೆಲ್

ತಂತ್ರಾಂಶ ಕಂಟೇನರಿನೊಳಗೆ ತೆರೆದ ಶೆಲ್ ಸೆಷನ್ ಕೀಲಿಮಣೆಯ ಆದೇಶಗಳಿಗೆ ಉತ್ತರಿಸದೆ ನಿಂತುಬಿಡುವುದು ಲಿನಕ್ಸ್ ನಿರ್ವಾಹಕರಿಗೆ ಆಗಾಗ ಎದುರಾಗುವ ಸಮಸ್ಯೆ. ಕಂಟೇನರ್ ಪ್ರತ್ಯೇಕ ಗಣಕವಲ್ಲ. ಆತಿಥೇಯ ಗಣಕದ ಕರ್ನಲ್ಲನ್ನೇ ಹಂಚಿಕೊಂಡು ನೇಮ್‌ಸ್ಪೇಸ್ ಹಾಗೂ ಸಿಗ್ರೂಪ್‌ಗಳ ಬೇಲಿಯೊಳಗೆ ನಡೆಯುವ ಪ್ರಕ್ರಿಯೆಗಳ ಗುಂಪು. 2013ರಲ್ಲಿ ಬಿಡುಗಡೆಯಾದ ಡಾಕರ್‌ನಿಂದ ಈ ವಿಧಾನ ಜನಪ್ರಿಯವಾಯಿತು. ಒಳಗಿನ ಶೆಲ್ ಮೌನವಾದರೂ ಅದರ ಪ್ರಕ್ರಿಯೆಯನ್ನು ಆತಿಥೇಯ ಗಣಕದಿಂದ ಕಾಣಬಹುದು.

ಕಾರಣಗಳು

ಎಷ್ಟೋ ಬಾರಿ ಶೆಲ್ ನಿಜವಾಗಿ ಕೆಟ್ಟಿರುವುದಿಲ್ಲ. ಕೈತಪ್ಪಿ ಕಂಟ್ರೋಲ್-ಎಸ್ ಒತ್ತಿದರೆ ಟರ್ಮಿನಲ್ ಪರದೆಗೆ ಬರೆಯುವುದನ್ನು ತಡೆಹಿಡಿಯುತ್ತದೆ. ಕಂಟ್ರೋಲ್-ಕ್ಯೂ ಒತ್ತಿದೊಡನೆ ಮುಂದುವರಿಸುತ್ತದೆ. 'ಡಾಕರ್ ಎಕ್ಸೆಕ್' ಆದೇಶಕ್ಕೆ 'ಐ' ಆಯ್ಕೆಯನ್ನಷ್ಟೇ ಕೊಟ್ಟರೆ ಪ್ರಾಂಪ್ಟ್ ಮೂಡದು, ಆದರೆ ಆದೇಶಗಳು ನಡೆಯುತ್ತವೆ. 'ಟಿ' ಮಾತ್ರ ಕೊಟ್ಟರೆ ಪ್ರಾಂಪ್ಟ್ ಮೂಡುತ್ತದೆ, ಬೆರಳಚ್ಚಿಸಿದ್ದು ಒಳಗೆ ತಲುಪದು. ಕಂಟ್ರೋಲ್-ಪಿ ಮೊದಲ ಸಲ ಕೆಲಸ ಮಾಡದಿರುವುದೂ ದೋಷವಲ್ಲ. ಕಂಟೇನರಿನಿಂದ ಬೇರ್ಪಡುವ ಕೀಲಿಸರಣಿ ಅದರಿಂದಲೇ ಆರಂಭವಾಗುವ ಕಾರಣ ಡಾಕರ್ ಮುಂದಿನ ಕೀಲಿಗಾಗಿ ಕಾಯುತ್ತಿರುತ್ತದೆ.

ಹೆಚ್ಚು ಗೊಂದಲ ಹುಟ್ಟಿಸುವುದು 'ಡಾಕರ್ ಅಟ್ಯಾಚ್'. ಇದು ಹೊಸ ಶೆಲ್ ತೆರೆಯದೆ ಕಂಟೇನರಿನ 1ನೇ ಸಂಖ್ಯೆಯ ಪ್ರಕ್ರಿಯೆಗೆ ಟರ್ಮಿನಲ್ಲನ್ನು ಜೋಡಿಸುತ್ತದೆ. ಆ ಪ್ರಕ್ರಿಯೆ ವೆಬ್ ಸರ್ವರ್ ಆಗಿದ್ದರೆ ಆದೇಶಗಳಿಗೆ ಉತ್ತರವೇ ಬರುವುದಿಲ್ಲ. ಬೇಸತ್ತು ಕಂಟ್ರೋಲ್-ಸಿ ಒತ್ತಿದರೆ ಸೇವೆಯೇ ನಿಲ್ಲಬಹುದು. 1ನೇ ಪ್ರಕ್ರಿಯೆಗೆ ಕರ್ನಲ್ ವಿಶೇಷ ರಕ್ಷಣೆ ನೀಡುತ್ತದೆ: ತಾನಾಗಿ ನಿಭಾಯಿಸಲು ಸಿದ್ಧವಾಗಿರದ ಮುಕ್ತಾಯ ಸಂಕೇತ ಅದನ್ನು ಮುಟ್ಟುವುದಿಲ್ಲ. ಹೀಗಾಗಿಯೇ 'ಡಾಕರ್ ಸ್ಟಾಪ್' ಸಾಮಾನ್ಯವಾಗಿ 10 ಸೆಕೆಂಡು ಕಾದು, ಬಳಿಕ ಬಲವಂತವಾಗಿ ಕೊಲ್ಲುತ್ತದೆ. 'ಇನಿಟ್' ಆಯ್ಕೆಯೊಡನೆ ಕಂಟೇನರ್ ಆರಂಭಿಸಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ವಿಜಯಪುರ, ತಿಕೋಟಾ ಅಥವಾ ಬಬಲೇಶ್ವರದಿಂದ ದೂರದ ದತ್ತಾಂಶ ಕೇಂದ್ರದ ಕಂಟೇನರಿಗೆ ಎಸ್‌ಎಸ್‌ಎಚ್ ಮೂಲಕ ಹೋದವರಿಗೆ ಜಾಲಸಂಪರ್ಕ ಕಡಿದದ್ದೂ ಶೆಲ್ ಕೆಟ್ಟಂತೆಯೇ ತೋರುತ್ತದೆ. ಎಂಟರ್, ಟಿಲ್ಡೆ, ಚುಕ್ಕಿ ಕೀಲಿಗಳನ್ನು ಅನುಕ್ರಮವಾಗಿ ಒತ್ತಿದರೆ ಸತ್ತ ಸಂಪರ್ಕ ಮುಚ್ಚುತ್ತದೆ. ಕನ್ನಡದಲ್ಲಿ ಬೆರಳಚ್ಚಿಸುವವರ ತೊಂದರೆ ಬೇರೆ: ಹಲವು ಚಿಕ್ಕ ಇಮೇಜ್‌ಗಳಲ್ಲಿ ಯುಟಿಎಫ್-8 ಭಾಷಾ ವ್ಯವಸ್ಥೆ ಹೊಂದಿಸಿರುವುದಿಲ್ಲ. ಒಂದೊಂದು ಕನ್ನಡ ಸಂಕೇತಬಿಂದುವೂ 3 ಬೈಟ್ ಆದ್ದರಿಂದ ಅಳಿಸುವಾಗ ಸಾಲು ಕಲಸಿಹೋಗುತ್ತದೆ.

ಪತ್ತೆ ಮತ್ತು ಪರಿಹಾರ

ಇನ್ನೊಂದು ಟರ್ಮಿನಲ್‌ನಿಂದ 'ಡಾಕರ್ ಪಿಎಸ್' ನೋಡಬೇಕು. ಕಂಟೇನರ್ ವಿರಾಮದಲ್ಲಿದ್ದರೆ 'ಡಾಕರ್ ಅನ್‌ಪಾಸ್' ಸಾಕು. 'ಡಾಕರ್ ಸ್ಟ್ಯಾಟ್ಸ್' ಸ್ಮೃತಿಯ ಮಿತಿ ತುಂಬಿದ್ದನ್ನು ತೋರಿಸುತ್ತದೆ. ಆತಿಥೇಯ ಗಣಕದ ಪಟ್ಟಿಯಲ್ಲಿ ಪ್ರಕ್ರಿಯೆಯ ಸ್ಥಿತಿ 'ಡಿ' ಎಂದಿದ್ದರೆ ಅದು ಡಿಸ್ಕ್ ಅಥವಾ ಜಾಲಕಡತ ವ್ಯವಸ್ಥೆಯ ಉತ್ತರಕ್ಕಾಗಿ ಕಾದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಮೂಲ ದೋಷ ಸರಿಪಡಿಸಬೇಕು. ಉಳಿದಂತೆ ಹೊಸ 'ಎಕ್ಸೆಕ್' ಶೆಲ್ ತೆರೆದು, ಸಿಲುಕಿದ ಶೆಲ್ಲನ್ನಷ್ಟೇ ಮುಗಿಸಬಹುದು.

ಕಂಟೇನರನ್ನೇ ಮರುಆರಂಭಿಸುವುದು ಕೊನೆಯ ಉಪಾಯ. ಬಲವಂತದ ನಿಲುಗಡೆಯಲ್ಲಿ ಸ್ಮೃತಿಯಲ್ಲಿದ್ದದ್ದು ಹೋಗುತ್ತದೆ, ಕಡತಗಳು ಉಳಿಯುತ್ತವೆ. ಆದರೆ 'ಆರ್‌ಎಂ' ಆಯ್ಕೆಯೊಡನೆ ಆರಂಭಿಸಿದ ಕಂಟೇನರ್ ನಿಂತೊಡನೆ ಅಳಿಸಿಹೋಗುತ್ತದೆ, ವಾಲ್ಯೂಮ್‌ನ ಹೊರಗೆ ಬರೆದ ಕಡತಗಳೂ ಅದರೊಡನೆ ನಾಶವಾಗುತ್ತವೆ. ಅಂಥಲ್ಲಿ ನಿಲ್ಲಿಸುವ ಮೊದಲೇ 'ಡಾಕರ್ ಸಿಪಿ' ಆದೇಶದಿಂದ ಬೇಕಾದುದನ್ನು ಹೊರಗೆ ನಕಲಿಸಿಕೊಳ್ಳಬೇಕು.