ಸೇಶೆಲ್ಸ್ ಉಲಿಯಕ್ಕಿ

ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿ ಮಾತ್ರ ಕಂಡುಬರುವ ಪುಟ್ಟ ಹಾಡುಹಕ್ಕಿ. ವೈಜ್ಞಾನಿಕ ಹೆಸರು ಅಕ್ರೊಸೆಫಾಲಸ್ ಸೆಶೆಲೆನ್ಸಿಸ್. ಚಳಿಗಾಲದಲ್ಲಿ ಕರ್ನಾಟಕಕ್ಕೆ ವಲಸೆ ಬರುವ ಬ್ಲೈತ್ ಜೊಂಡು ಉಲಿಯಕ್ಕಿಯೂ ಇದೇ ಜಾತಿಗೆ ಸೇರಿದ್ದು. ಆದರೆ ಇದು ವಲಸೆ ಹೋಗುವುದಿಲ್ಲ, ಜೊಂಡನ್ನೂ ನೆಚ್ಚಿಕೊಂಡಿಲ್ಲ. ಕಾಡು, ಪೊದೆಗಳೇ ಇದರ ನೆಲೆ. ಉದ್ದ 13–14 ಸೆಂ.ಮೀ. ಮೈ ಹಸಿರು ಛಾಯೆಯ ಕಂದು, ಹೊಟ್ಟೆ ಮಾಸಲು ಹಳದಿ, ಕೊಕ್ಕು ನೀಳ. ನೋಡಲು ತೀರ ಸಾಧಾರಣ.

ಪಿಸೋನಿಯ, ನೋನಿ ಮುಂತಾದ ಮರಗಳ ಎಲೆಗಳ ಅಡಿಭಾಗದಿಂದ ಕೀಟಗಳನ್ನು ಹೆಕ್ಕಿ ತಿನ್ನುತ್ತದೆ. ಹೀಗಾಗಿ ಎಲೆ ಇದ್ದಲ್ಲಿ ಮಾತ್ರ ಇದಕ್ಕೆ ಅನ್ನ. ಉಪ್ಪುಗಾಳಿಗೆ ಎಲೆ ಸುಟ್ಟುಹೋಗುವ ಕಡಲಂಚು ಬಡ ನೆಲೆ. ದ್ವೀಪದ ಒಳಭಾಗ ಸಮೃದ್ಧ.

ಈ ಹಕ್ಕಿಯ ಸಂಸಾರ ವಿಜ್ಞಾನಿಗಳನ್ನು ದಶಕಗಳಿಂದ ಹಿಡಿದಿಟ್ಟಿದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ. ಬೆಳೆದ ಮರಿಗಳಲ್ಲಿ ಕೆಲವು, ಹೆಚ್ಚಾಗಿ ಹೆಣ್ಣುಗಳು, ತವರಲ್ಲೇ ಉಳಿದು ಮುಂದಿನ ಮರಿಯ ಲಾಲನೆಗೆ ಕೈಜೋಡಿಸುತ್ತವೆ. ಆಹಾರ ಹೇರಳವಾಗಿದ್ದರೆ ಇಂಥ ನೆರವು ಲಾಭ. ಕೊರತೆಯಿದ್ದರೆ ಅವೇ ಇನ್ನೊಂದು ಬಾಯಿ. ಇದಕ್ಕೆ ತಕ್ಕಂತೆ ಬಡ ನೆಲೆಯ ತಾಯಂದಿರು ಹೆಚ್ಚಾಗಿ ಗಂಡು ಮರಿಗಳನ್ನೂ ಸಮೃದ್ಧ ನೆಲೆಯವು ಹೆಣ್ಣು ಮರಿಗಳನ್ನೂ ಪಡೆಯುತ್ತವೆ ಎಂದು ಯಾನ್ ಕೊಮ್ಡ್ಯೂರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದರು. ಬಡ ನೆಲೆಯ ಜೋಡಿಗಳನ್ನು ಒಳ್ಳೆಯ ನೆಲೆಗೆ ಸಾಗಿಸಿದಾಗ ಅವುಗಳಿಗೂ ಹೆಣ್ಣು ಮರಿಗಳೇ ಹೆಚ್ಚಾದವು. ಹಕ್ಕಿಗಳಲ್ಲಿ ಮರಿಯ ಲಿಂಗ ತಾಯಿಯ ವರ್ಣತಂತುವಿನಿಂದ ನಿರ್ಧಾರವಾಗುವುದರಿಂದ ಇದು ಅಸಾಧ್ಯವೇನಲ್ಲ. ಆದರೂ ಇಷ್ಟು ಸ್ಪಷ್ಟವಾದ ಒಲವು ಅಪರೂಪ.

ತೆಂಗಿನ ತೋಟಗಳಿಗಾಗಿ ಸ್ಥಳೀಯ ಕಾಡು ಕಡಿದದ್ದು ಈ ಹಕ್ಕಿಯನ್ನು ಅಳಿವಿನಂಚಿಗೆ ತಂದಿತು. 1968ರಲ್ಲಿ ಉಳಿದಿದ್ದವು ಸುಮಾರು 26. ಎಲ್ಲವೂ 29 ಹೆಕ್ಟೇರಿನ ಕಸಿನ್ ದ್ವೀಪದಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಮಂಡಳಿ ದ್ವೀಪವನ್ನು ಖರೀದಿಸಿತು. ಪಂಜರದಲ್ಲಿಟ್ಟು ಮರಿ ಮಾಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ತೆಂಗು ತೆಗೆದು ಕಾಡು ಮರಳಲು ಬಿಟ್ಟರು, ಅಷ್ಟೇ; 1980ರ ದಶಕದ ಆರಂಭಕ್ಕೆ ಸಂಖ್ಯೆ 300 ದಾಟಿತು.

ಕಸಿನ್ ತುಂಬಿದರೂ ಹಕ್ಕಿಗಳು ಎರಡು ಕಿ.ಮೀ.ಗಿಂತ ಹತ್ತಿರದ ಕಸೀನ್ ದ್ವೀಪಕ್ಕೆ ಹೋಗಿ ನೆಲೆಸಲಿಲ್ಲ. ರೆಕ್ಕೆಯಿದ್ದೂ ಕಡಲು ದಾಟುವುದು ಇವಕ್ಕೆ ಒಗ್ಗದು. ಮನುಷ್ಯರೇ ಹಿಡಿದು ಸಾಗಿಸಬೇಕಾಯಿತು: 1988ರಲ್ಲಿ ಅರೀಡ್‌ಗೆ, 1990ರಲ್ಲಿ ಕಸೀನ್‌ಗೆ, 2004ರಲ್ಲಿ ಡೆನಿಸ್‌ಗೆ, 2011ರಲ್ಲಿ ಫ್ರೆಗೇಟ್‌ಗೆ. 2015ರಿಂದ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ‘ಅಪಾಯದ ಸಮೀಪ’ ವರ್ಗದಲ್ಲಿದೆ.