ಮೊಟ್ಟೆಯ ಮೇಲಣ ಬಣ್ಣ

ಕನ್ನಡ ಎಂ.ಎ. ಮಾಡಿ, ಮೂವತ್ತು ವರ್ಷಗಳ ಕಾಲ ಹಳಗನ್ನಡದ ಪಾಠ ಹೇಳಿ ನಿವೃತ್ತನಾದವನ ಬಳಿಗೆ ಕೋಳಿಯ ವಿಷಯದಲ್ಲಿ ಸಲಹೆ ಕೇಳಲು ಯಾರಾದರೂ ಬಂದಾರೆಂದು ನಾನು ಎಣಿಸಿರಲಿಲ್ಲ. ಆದರೆ ಬಂದದ್ದುಂಟು. ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನ ಮೊಮ್ಮಗ ಒಂದು ದಿನ ಶಿಕಾರಿಪುರದ ನಮ್ಮ ಮನೆಗೆ ಬಂದು, “ಅಜ್ಜ, ಕಡುಗಂದು ಮೊಟ್ಟೆ ಇಡೋ ಕೋಳಿ ಯಾವ ಜಾತೀದು? ಪ್ಯಾಟೆಯೋರು ಬಣ್ಣ ನೋಡೇ ದುಡ್ಡು ಕೊಡೋದು. ಬಣ್ಣ ಗಟ್ಟಿ ಇದ್ದಷ್ಟೂ ರೇಟು ಜಾಸ್ತಿ” ಎಂದ. ಓದಿ ಹೇಳುತ್ತೇನೆ ಎಂದು ಅವನನ್ನು ಕಳುಹಿಸಿದೆ. ಕಳುಹಿಸಿದ ಮೇಲೆ ಮನಸ್ಸು ಸಮಾಧಾನವಾಗಿರಲಿಲ್ಲ. ಅವನು ಹೇಳಿದ ಆ ಪೇಟೆಯವರಲ್ಲಿ ನಾನೂ ಒಬ್ಬ.

ಅದಕ್ಕೆ ಎರಡು ವರ್ಷಗಳ ಹಿಂದೆ ಸಂತೆಯಲ್ಲಿ ನಡೆದ ಮಾತು. ಒಬ್ಬ ಮುದುಕಿ ಬಿದಿರಿನ ಬುಟ್ಟಿಯಲ್ಲಿ ಭತ್ತದ ಹೊಟ್ಟು ಹರಡಿ ಇಪ್ಪತ್ತು ಇಪ್ಪತ್ತೈದು ಮೊಟ್ಟೆಗಳನ್ನು ಇಟ್ಟುಕೊಂಡು ಕುಳಿತಿದ್ದಳು. ನಾಟಿ ಮೊಟ್ಟೆ ಎಂದಳು. ಬಗ್ಗಿ ನೋಡಿದೆ. ಕೆಲವು ಕೆನೆಯ ಬಣ್ಣ, ಕೆಲವು ಅಕ್ಕಿ ತೊಳೆದ ನೀರಿನ ಬಣ್ಣ, ಒಂದೆರಡು ಮಾತ್ರ ತೆಳು ಕಂದು. ತಿಳಿದವನ ಗತ್ತಿನಲ್ಲಿ, ಸುತ್ತ ನಿಂತವರಿಗೂ ಕೇಳುವಂತೆ, “ಇದು ಫಾರಂ ಮೊಟ್ಟೆಯಲ್ಲವೇನಮ್ಮ? ನಾಟಿಯದು ಕೆಂಪಗಿರಬೇಕಲ್ಲ” ಎಂದುಬಿಟ್ಟೆ. “ನಮ್ಮ ಹ್ಯಾಟೆ ಇಟ್ಟಿದ್ದು ಸ್ವಾಮಿ. ನಾನೇನು ಬಣ್ಣ ಬಳೀಲಾ?” ಎಂದಳು ಆಕೆ. ಕೊಳ್ಳಲು ನಿಂತಿದ್ದ ಮೂವರು ನನ್ನ ಮಾತು ಕೇಳಿ ಅಲ್ಲಿಂದ ಸರಿದರು. ನಾನು ಮುಂದಿನ ಅಂಗಡಿಯಲ್ಲಿ ಒಂದಕ್ಕೆ ಹದಿನೈದು ರೂಪಾಯಿಯಂತೆ ಒಂದೇ ಸಮನಾದ ಕಡು ಬಣ್ಣದ ಹನ್ನೆರಡು ಮೊಟ್ಟೆಗಳನ್ನು ಕೊಂಡು ತಂದೆ. ಮರುದಿನ ಬೇಯಿಸಲಿಟ್ಟಾಗ ಪಾತ್ರೆಯ ನೀರು ಚಹಾದಂತಾಯಿತು. ಮೊಟ್ಟೆಗಳು ಬೆಳ್ಳಗೆ ಎದ್ದು ಕುಳಿತವು. ಚಹಾದ ನೀರಿನಲ್ಲಿ ಅದ್ದಿದ ಮೊಟ್ಟೆಗಳನ್ನು ನಾಟಿಯೆಂದು ಮಾರುವವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೆ. ಓದಿಯೂ ಮೋಸಹೋದೆ. ಹೋದದ್ದು ನೂರೆಂಬತ್ತು ರೂಪಾಯಿ ಮಾತ್ರವಾಗಿದ್ದರೆ ಅದನ್ನು ಇಲ್ಲಿ ಹೇಳುತ್ತಿರಲಿಲ್ಲ.

ಜನ್ನನ ‘ಯಶೋಧರ ಚರಿತೆ’ಯನ್ನು ಎಷ್ಟು ಬಾರಿ ಪಾಠ ಹೇಳಿದ್ದೇನೆ! 1209ರಲ್ಲಿ ಮುಗಿದ ಆ ಕಾವ್ಯದ ಕೇಂದ್ರದಲ್ಲಿರುವುದೇ ಒಂದು ಹಿಟ್ಟಿನ ಕೋಳಿ. ಬಣ್ಣದಿಂದ ಅದು ಜೀವಂತ ಹುಂಜದಂತೆಯೇ ತೋರುತ್ತದೆ. ಕತ್ತಿ ಬಿದ್ದಾಗ ಕೂಗಿಯೂ ಬಿಡುತ್ತದೆ. ಬಳಿದ ಬಣ್ಣವನ್ನು ನಿಜವೆಂದು ನಂಬುವ ಕಣ್ಣು ನಮಗೆ ಹೊಸದಲ್ಲ.

‘ಕಂದು’ ಎಂಬ ಪದವನ್ನೇ ನೋಡಿ. ಹಳಗನ್ನಡದಲ್ಲಿ ಅದು ಕ್ರಿಯಾಪದ: ಬಾಡು, ಕಳೆಗುಂದು, ಬಣ್ಣಗೆಡು. ಬಣ್ಣ ಕಳೆದುಕೊಳ್ಳುವುದನ್ನು ಹೇಳುತ್ತಿದ್ದ ಪದ ಕಾಲಕ್ರಮದಲ್ಲಿ ಒಂದು ಬಣ್ಣದ ಹೆಸರಾಯಿತು. ನಮ್ಮ ಹಳ್ಳಿಗರು ಇಂದಿಗೂ ಆ ಹೆಸರನ್ನು ಹೆಚ್ಚಾಗಿ ಬಳಸುವುದಿಲ್ಲ. ಅಡಿಕೆ ಬಣ್ಣ, ಕಾಫಿ ಬಣ್ಣ, ಮಣ್ಣಿನ ಬಣ್ಣ ಎನ್ನುತ್ತಾರೆ. ಮೊಟ್ಟೆಯಾದರೆ ‘ಕೆಂಪು ಮೊಟ್ಟೆ’ ಎಂದು ಮುಗಿಸುತ್ತಾರೆ.

ಹಾಗೆ ನೋಡಿದರೆ ಕೋಳಿಯನ್ನು ಬಣ್ಣ ನೋಡಿ ಆರಿಸುವ ವಿದ್ಯೆ ನಮ್ಮ ಸೀಮೆಗೆ ಅಪರಿಚಿತವಲ್ಲ. ಬನವಾಸಿ ಪನ್ನಿರ್ಛಾಸಿರದ ಬಳ್ಳಿಗಾವೆ ವೈಭವದಲ್ಲಿದ್ದ ಕಾಲದಲ್ಲೇ, ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ರಚಿಸಿದ. ಅದರಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಕೋಳಿ ಅಂಕವೂ ಬರುತ್ತದೆ, ಹುಂಜದ ಲಕ್ಷಣಗಳೂ ಬರುತ್ತವೆ. ಇತ್ತ ಹಳ್ಳಿಗಳಲ್ಲಿ ಚೌಡಿಗೆ, ಭೂತಕ್ಕೆ ಹರಕೆ ಹೊರುವಾಗ ಕೆಂಪು ಹುಂಜವೆಂದೋ ಕರಿಕೋಳಿಯೆಂದೋ ಖಚಿತವಾಗಿ ಹೇಳುವುದುಂಟು. ಆದರೆ ಅಲ್ಲೆಲ್ಲ ನೋಡುವುದು ಗರಿಯ ಬಣ್ಣವನ್ನು. ಮೊಟ್ಟೆಯ ಬಣ್ಣವನ್ನು ನಮ್ಮವರು ಕೇಳಿದವರಲ್ಲ. ಮೊಟ್ಟೆ ಮರಿಯಾಗಬೇಕಾದ ವಸ್ತು. ಮಿಕ್ಕಿದ್ದು ಬಾಣಂತಿಗೆ, ಕಾಯಿಲೆಯವರಿಗೆ, ಸಂತೆಗೆ. ಹಾಗಾದರೆ ನಾಟಿಯೆಂದರೆ ಕೆಂಪು ಎಂಬ ಸಮೀಕರಣ ನನ್ನ ತಲೆಯೊಳಗೆ ಹೊಕ್ಕದ್ದು ಎಲ್ಲಿಂದ?

ಅದು ಬಂದದ್ದು ಬಿಳಿ ಮೊಟ್ಟೆಯ ಹಿಂದೆಯೇ. ಇಟಲಿಯಲ್ಲಿ ಲಿವೋರ್ನೊ ಎಂಬ ಬಂದರಿದೆ; ಇಂಗ್ಲಿಷರ ಬಾಯಲ್ಲಿ ಅದು ಲೆಗ್‌ಹಾರ್ನ್. ಅಲ್ಲಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕೆಗೆ ಹೋದ ಬಿಳಿ ಗರಿಯ ಕೋಳಿ, ಕಡಿಮೆ ತಿಂದು ಹೆಚ್ಚು ಇಡುವ ಗುಣದಿಂದ ಜಗತ್ತನ್ನೇ ಗೆದ್ದಿತು. ನಮ್ಮ ಹಿತ್ತಲಿನ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಈಗಿನ ಲೆಗ್‌ಹಾರ್ನ್ ತಳಿ ಮುನ್ನೂರರ ಹತ್ತಿರ ಇಡುತ್ತದೆ. ಮೊದಲು ಮಿಷನರಿಗಳು ತಂದರು, ಆಮೇಲೆ ಸರ್ಕಾರಿ ಕೋಳಿ ಕೇಂದ್ರಗಳು ಬೆಳೆಸಿದವು. 1960ರ ದಶಕದಿಂದೀಚೆಗೆ ದೊಡ್ಡ ಫಾರಂಗಳು ಎದ್ದವು. ಮೂವತ್ತು ಗುಳಿಯ ಟ್ರೇಯಲ್ಲಿ ಬೆಳ್ಳನೆಯ ಮೊಟ್ಟೆ ಊರೂರಿನ ಅಂಗಡಿಗೆ ಬಂದಿಳಿಯಿತು. ಫಾರಂ ಎಂದರೆ ಬಿಳಿ ಎಂದಾದ ಮೇಲೆ, ಬಿಳಿಯಲ್ಲದ್ದೆಲ್ಲ ನಾಟಿ ಎಂದು ಪೇಟೆಯ ಕಣ್ಣು ತೀರ್ಮಾನಿಸಿತು. ಒಂದು ತಲೆಮಾರು ಸಾಕಾಯಿತು ಇದಕ್ಕೆ. ತಮಾಷೆಯೆಂದರೆ, ಇಂದು ಪಂಜರದ ಫಾರಂಗಳಲ್ಲೇ ಕಂದು ಮೊಟ್ಟೆಯ ಮಿಶ್ರತಳಿಗಳನ್ನು ಸಾಕುತ್ತಾರೆ. ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಯಿತು. ಕಂದು ಮೊಟ್ಟೆಯಲ್ಲಿ ಹಳ್ಳಿಯ ಶುದ್ಧಿಯಿದೆ ಎಂದು ಅಲ್ಲಿನ ಗೃಹಿಣಿಯರು ಬಗೆದರು. ಫಾರಂಗಳೇ ಕಂದು ಕೋಳಿಗೆ ತಿರುಗಿಕೊಂಡವು.

ಇನ್ನು ಹುಡುಗ ಕೇಳಿದ ಕಡುಗಂದಿನ ಕಥೆ. ಅದು ಯುರೋಪಿನ ಸ್ವಂತದ್ದಲ್ಲ, ಏಷ್ಯಾದಿಂದ ಹೋದದ್ದು. 1840ರ ದಶಕದಲ್ಲಿ ಚೀನಾದ ದೊಡ್ಡ ಕೋಳಿಗಳು ಇಂಗ್ಲೆಂಡನ್ನು ಮುಟ್ಟಿದಾಗ ಜನರಿಗೆ ಕೋಳಿಯ ಹುಚ್ಚೇ ಹಿಡಿಯಿತು. ಬ್ರಹ್ಮಾ ಎಂಬ ತಳಿಗೆ ನಮ್ಮ ಬ್ರಹ್ಮಪುತ್ರಾ ನದಿಯ ಹೆಸರನ್ನು ಅಂಟಿಸಿದ್ದೂ ಆ ಭರದಲ್ಲಿಯೇ. ಅದು ರೂಪುಗೊಂಡದ್ದು ಅಮೆರಿಕೆಯಲ್ಲಿ. 1872ರಲ್ಲಿ ಮೇಜರ್ ಕ್ರೋಡ್ ಎಂಬಾತ ಯಾಂಗ್ಟ್ಸೆ ನದೀಮುಖದ ಲ್ಯಾಂಗ್‌ಶಾನ್ ಪ್ರದೇಶದ ಕಪ್ಪು ಕೋಳಿಗಳನ್ನು ತರಿಸಿದ. ಅವುಗಳ ಮೊಟ್ಟೆ ಕಡುಗಂದು. ಫ್ರಾನ್ಸಿನ ಲಾ ರೊಷೆಲ್ ಬಂದರಿನ ಸಮೀಪದಲ್ಲಿ ಮಾರಾನ್ಸ್ ಎಂಬ ಊರಿದೆ. ಹಡಗಿನವರು ಇಳಿಸಿಹೋದ ಅಂಕದ ಹುಂಜಗಳು ಅಲ್ಲಿನ ಹಿತ್ತಲ ಕೋಳಿಗಳೊಡನೆ ಬೆರೆತಿದ್ದವು. ಮುಂದೆ ಲ್ಯಾಂಗ್‌ಶಾನ್ ರಕ್ತವೂ ಸೇರಿ, ಚಾಕೊಲೇಟಿನ ಬಣ್ಣದ ಮೊಟ್ಟೆಯಿಡುವ ಮಾರಾನ್ಸ್ ತಳಿ ನಿಂತಿತು. 1930ರ ದಶಕದ ಆರಂಭದಲ್ಲಿ ಅದರ ಲಕ್ಷಣಗಳನ್ನು ಗೊತ್ತುಪಡಿಸಿದರು. ಮೊಟ್ಟೆಯ ಬಣ್ಣಕ್ಕೆ ಒಂದರಿಂದ ಒಂಬತ್ತರವರೆಗೆ ಅಳತೆಪಟ್ಟಿಯೇ ಇದೆ. ನಾಲ್ಕಕ್ಕಿಂತ ತೆಳುವಾದರೆ ಮಾರಾನ್ಸ್ ಎನ್ನಿಸಿಕೊಳ್ಳುವ ಯೋಗ್ಯತೆಯಿಲ್ಲ. ಹಾಲೆಂಡಿನ ಬಾರ್ನೆವೆಲ್ಡ್ ಮತ್ತು ವೆಲ್ಸುಮ್ ಊರುಗಳ ಹೆಸರಿನ ತಳಿಗಳೂ ಕಡುಗಂದಿನವೇ. ಆಂಗ್ಲ ಗ್ರಾಹಕನ ಕಂದು ಮೊಟ್ಟೆಯ ಮೋಹವನ್ನು ಬಾರ್ನೆವೆಲ್ಡಿನ ರೈತರು ಚೆನ್ನಾಗಿ ಬಲ್ಲವರಾಗಿದ್ದರು. ಸಾಹಿತ್ಯಾಸಕ್ತರಿಗೆ ಒಂದು ಮಾತು: ಇಯಾನ್ ಫ್ಲೆಮಿಂಗನ ಜೇಮ್ಸ್ ಬಾಂಡ್ ಬಿಳಿ ಮೊಟ್ಟೆಯನ್ನು ಮೆಚ್ಚದವನು, 1957ರ ಕಾದಂಬರಿಯೊಂದರಲ್ಲಿ ಅವನ ಬೆಳಗಿನ ಉಪಾಹಾರಕ್ಕೆ ಮಾರಾನ್ಸ್ ಕೋಳಿಯ ಕಂದು ಮೊಟ್ಟೆಯೇ ಆಗಬೇಕು. ಸಂತೆಯಲ್ಲಿ ನಾನು ಯಾರ ಸಾಲಿನಲ್ಲಿ ನಿಂತಿದ್ದೆನೆಂಬುದು ಆಗ ತಿಳಿಯಿತು.

ಅಷ್ಟಕ್ಕೂ ಆ ಬಣ್ಣವೆಂದರೇನು? ಮೊಟ್ಟೆಯ ಚಿಪ್ಪು ಮೂಲತಃ ಸುಣ್ಣ, ಬಿಳಿ. ಕೋಳಿಯ ಒಡಲಲ್ಲಿ ಚಿಪ್ಪು ಕಟ್ಟುವ ಅಂಗದಲ್ಲಿ ಮೊಟ್ಟೆ ಸುಮಾರು ಇಪ್ಪತ್ತು ಗಂಟೆ ಇರುತ್ತದೆ. ಹೊರಬರುವ ಮುಂಚಿನ ಕೆಲವೇ ಗಂಟೆಗಳಲ್ಲಿ ಪ್ರೊಟೊಪಾರ್ಫಿರಿನ್ ಎಂಬ ವರ್ಣದ್ರವ್ಯ ಅದರ ಮೇಲ್ಮೈಗೆ ಲೇಪವಾಗುತ್ತದೆ. ಕಂದು ಮೊಟ್ಟೆಯನ್ನು ಒಡೆದು ಒಳಮೈ ನೋಡಿ, ತೆಳುವಾಗಿಯೇ ಇರುತ್ತದೆ. ಮಾರಾನ್ಸಿನ ಹಸಿ ಮೊಟ್ಟೆಯನ್ನು ಉಜ್ಜಿದರೆ ಬಣ್ಣ ಕೈಗೆ ಬರುವುದೂ ಉಂಟು. ಕೋಳಿಗೆ ವಯಸ್ಸಾದಂತೆ ಮೊಟ್ಟೆ ದೊಡ್ಡದಾಗುತ್ತದೆ, ಲೇಪ ತೆಳುವಾಗುತ್ತದೆ. ಹೆದರಿಕೆ, ಕಾಯಿಲೆಗಳಿಂದಲೂ ಬಣ್ಣ ಇಳಿಯುತ್ತದೆ. ಪೌಷ್ಟಿಕತೆಗೂ ಈ ಲೇಪಕ್ಕೂ ಸಂಬಂಧವಿಲ್ಲ. ಒಳಗಿನ ಹಳದಿಯ ಗಾಢತೆಯಾದರೋ ಕೋಳಿ ಮೇಯ್ದ ಸೊಪ್ಪು-ಕಾಳಿನದು. ಮೈಯೆಲ್ಲ ಕಪ್ಪಾದ ಕಡಕನಾಥ ಕೂಡ ಇಡುವುದು ತೆಳು ಬಣ್ಣದ ಮೊಟ್ಟೆಯನ್ನೇ.

ತಳಿಯನ್ನು ಆರಿಸುವವನಿಗೆ ನಿಜವಾದ ತೊಡಕು ಹುಂಜ. ಹೇಂಟೆಯ ಬಣ್ಣವನ್ನು ಅದರ ಮೊಟ್ಟೆಯಲ್ಲಿ ನೋಡಬಹುದು. ಹುಂಜ ಮೊಟ್ಟೆಯಿಡುವುದಿಲ್ಲ; ಆದರೆ ಮಗಳ ಮೊಟ್ಟೆಯ ಬಣ್ಣದಲ್ಲಿ ಅದರದೂ ಪಾಲಿದೆ. ಆದ್ದರಿಂದ ಬಲ್ಲವರು ಕಡುಗಂದು ಮೊಟ್ಟೆಯಿಂದಲೇ ಹೊರಬಂದ ಹುಂಜವನ್ನು ಗುರುತು ಹಾಕಿ ಉಳಿಸಿಕೊಳ್ಳುತ್ತಾರೆ. ಕಂದು-ಬಿಳಿಗಳನ್ನು ಬೆರಸಿದರೆ ಸಾಮಾನ್ಯವಾಗಿ ಹುಟ್ಟುವುದು ನಡುವಣ ಬಣ್ಣ; ಇದಕ್ಕೆ ಕಾರಣ ಒಂದೇ ಒಂದು ಅನುವಂಶೀಯ ಅಂಶವಲ್ಲ, ಹಲವು. 1920ರಲ್ಲಿ ಪನ್ನೆಟ್ ಮತ್ತು ಬೈಲಿ ಎಂಬ ವಿಜ್ಞಾನಿಗಳು ಮೊಟ್ಟೆಯ ಬಣ್ಣ ಮತ್ತು ಕಾವಿಗೆ ಕೂರುವ ಗುಣ, ಇವೆರಡರ ಅನುವಂಶೀಯತೆಯನ್ನೂ ಒಂದೇ ಪ್ರಬಂಧದಲ್ಲಿ ಪರಿಶೀಲಿಸಿದರು. ಇವೆರಡನ್ನು ಜೊತೆಗಿಟ್ಟು ನೋಡಿದ ಇನ್ನೊಬ್ಬರು ನಮ್ಮ ಮನೆಯಲ್ಲೇ ಇದ್ದಾರೆಂದು ಸೊರಬಕ್ಕೆ ಹೋದಾಗ ಗೊತ್ತಾಯಿತು.

ಟಿಪ್ಪಣಿಗಳನ್ನು ಹಿಡಿದು ಅಲ್ಲಿಗೆ ಹೋಗಿ, ಜಗುಲಿಯಲ್ಲಿ ಕುಳಿತು ಹುಡುಗನಿಗೆ ಹೇಳಿದೆ: ಮಾರಾನ್ಸ್ ನಮ್ಮ ಸರ್ಕಾರಿ ಕೇಂದ್ರಗಳು ಹಂಚುವ ಕೋಳಿಯಲ್ಲ, ಫ್ರೆಂಚ್ ಬಗೆಯದಕ್ಕೆ ಕಾಲಿನ ಮೇಲೂ ಗರಿ, ನಿಮ್ಮೂರಿನ ಆಷಾಢದ ಕೆಸರಿನಲ್ಲಿ ಅದರ ಗತಿಯೇನು? ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಇದೆ, ವರ್ಷಕ್ಕೆ ನೂರನಲವತ್ತರ ಸುಮಾರು ಇಡುತ್ತದೆ. ಆಮೇಲೆ ಬಂದ ಸ್ವರ್ಣಧಾರಾ ಇನ್ನೂ ಹೆಚ್ಚು ಇಡುತ್ತದೆ. ಎರಡರದೂ ಕಂದು ಮೊಟ್ಟೆ, ಆದರೆ ಚಾಕೊಲೇಟಲ್ಲ. ಅವುಗಳಿಂದಲೇ ಮರಿ ಮಾಡಿಸಿಕೊಂಡು ಹೋದರೆ ಮುಂದಿನ ಪೀಳಿಗೆಯಲ್ಲಿ ಗುಣ ಉಳಿಯದು. ಪ್ರತಿಸಲ ಮರಿ ಕೊಂಡೇ ತರಬೇಕು.

ಒಳಗಿನಿಂದ ಅಕ್ಕನ ಧ್ವನಿ ಬಂತು: “ಬಣ್ಣಕ್ಕೆ, ಲೆಕ್ಕಕ್ಕೆ ಅಂತ ಆರಿಸ್ತಾ ಹೋದ್ರೆ ಕಾವಿಗೆ ಕೂರೋದು ಯಾವುದೋ ತಮ್ಮ?”

ನಾನು ಓದಿದ್ದೂ ಅದನ್ನೇ. ಹೆಚ್ಚು ಮೊಟ್ಟೆಗಾಗಿ ಆರಿಸಿದಂತೆಲ್ಲ ಕಾವಿನ ಗುಣ ಕಳೆದುಹೋಗುತ್ತದೆ. ಕಾವಿಗೆ ಕೂರದ ಕೋಳಿಗೆ ಯಂತ್ರ ಬೇಕು, ಯಂತ್ರಕ್ಕೆ ಕರೆಂಟು ಬೇಕು. ಮಳೆಗಾಲದಲ್ಲಿ ಆ ಹಳ್ಳಿಯ ಕರೆಂಟಿನ ವಿಷಯ ಹೇಳದಿರುವುದೇ ಲೇಸು. ಅಕ್ಕನ ಹಿತ್ತಲಿನಲ್ಲಿ ಒಂಬತ್ತು ಹೇಂಟೆಗಳಿದ್ದವು. ಹದ್ದು ಕಂಡರೆ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುವಂಥವು, ಸಂಜೆ ತಾವಾಗಿ ಗೂಡು ಸೇರುವಂಥವು. ಕಡು ಬಣ್ಣಕ್ಕಾಗಿ ಹುಡುಗ ಮೊದಲು ಮಾರಲು ಹೊರಟಿದ್ದುದು ಇವನ್ನೇ. ನನ್ನಂಥ ಗಿರಾಕಿಯ ಒಂದು ಮಾತಿಗೆ ಎಷ್ಟು ಹಿತ್ತಲುಗಳಿಂದ ಇಂಥ ಕೋಳಿಗಳು ಹೊರಟುಹೋಗಿರಬಹುದೆಂದು ಲೆಕ್ಕ ಹಾಕಲು ಮನಸ್ಸು ಹೆದರಿತು. ಅಂತೂ ಮಾತುಕತೆ ಮುಗಿಯುವ ಹೊತ್ತಿಗೆ ಒಂಬತ್ತೂ ಉಳಿದವು. ಮೂವತ್ತು ಸ್ವರ್ಣಧಾರಾ ಮರಿ ಬೇರೆಯಾಗಿ ಬಂದವು.

ಕಳೆದ ತಿಂಗಳು ಹುಡುಗ ಹೊಟ್ಟು ತುಂಬಿದ ಡಬ್ಬಿಯಲ್ಲಿ ಒಂದು ಡಜನ್ ಮೊಟ್ಟೆ ತಂದುಕೊಟ್ಟ. ಎಲ್ಲವೂ ಹಿತ್ತಲ ಕೋಳಿಯವು. ಒಂದೊಂದರ ಮೇಲೂ ಅಕ್ಕ ಪೆನ್ಸಿಲಿನಿಂದ ಕೋಳಿಯ ಹೆಸರು ಬರೆಸಿದ್ದಳು: ಬೂದಿ, ಚುಕ್ಕಿ, ಕರಿಯಮ್ಮ, ಕೆಂಪಿ. ಎಲ್ಲಕ್ಕಿಂತ ಬೆಳ್ಳಗಿದ್ದದ್ದು ಕೆಂಪಿಯದು.

ಆ ವಾರ ಸಂತೆಗೆ ಹೋಗಿ ಮುದುಕಿ ಕೂರುತ್ತಿದ್ದ ಸಾಲನ್ನು ಎರಡು ಸಲ ಸುತ್ತಿದೆ. ಆ ಜಾಗದಲ್ಲಿ ಒಬ್ಬಾತ ಪ್ಲಾಸ್ಟಿಕ್ ಕೊಡಗಳನ್ನು ಮಾರುತ್ತಿದ್ದ. ಕೇಳಿದೆ. “ಮೊಟ್ಟೆ ಅಜ್ಜೀನಾ? ಬಂದು ಬಾಳ ದಿನ ಆತು ಸಾರ್” ಎಂದ.